ಸೂರ್ಯಕಾಂತಿ, ಸೊಳ್ಳೆ, ಬೀಜದ ಹೊಲ: ಮಗಳು ಗಣಿತ ಬಿಡಬೇಕೇ?

ಓದುಗರ ಪ್ರಶ್ನೆ:

"ಸರ್, ನಮಸ್ಕಾರ್ರಿ. ನಾನು ರಾಣೆಬೆನ್ನೂರು ತಾಲೂಕಿನ ರೈತ. ಸ್ವಲ್ಪ ಹೊಲದಾಗ ಕಂಪನಿಯವರಿಗೆ ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಮಾಡಿ ಕೊಡ್ತೀವಿ. ಉಳಿದದ್ದರಾಗ ಗೋವಿನಜೋಳ, ಸೂರ್ಯಕಾಂತಿ. ಮಗಳು ಧಾರವಾಡದಾಗ ಹಾಸ್ಟೆಲ್‌ನಾಗ ಇದ್ದು ಪಿಯುಸಿ ಎರಡನೇ ವರ್ಷ ಓದಾಕತ್ತಾಳ, ಪಿಸಿಎಂಬಿ. ನನಗ ಗಣಿತಾನೂ ಬೇಕು, ಜೀವಶಾಸ್ತ್ರಾನೂ ಬೇಕು ಅಂತಾಳ. ಮಂದಿ ಎಲ್ಲಾ 'ಜೀವಶಾಸ್ತ್ರ ಅಂದ್ರ ನೀಟ್ ಬರೀಬೇಕು, ಡಾಕ್ಟರ್ ಆಗಬೇಕು. ಗಣಿತಕ್ಕೂ ಅದಕ್ಕೂ ಏನ್ ಸಂಬಂಧ, ಸುಮ್ನ ತಲಿಮ್ಯಾಲಿನ ಹೊರಿ' ಅಂತಾರ. ಆಕಿ ಒಂದು ವಿಡಿಯೊ ತೋರಿಸಿದ್ಲು. ಸೂರ್ಯಕಾಂತಿ, ಶಂಖ, ಮನಷ್ಯಾನ ಮೈ ಎಲ್ಲಾದರಾಗೂ 1.618 ಅನ್ನೋ ದೇವರ ಲೆಕ್ಕ ಐತಿ ಅಂತ ಅದರಾಗ. ನಮ್ಮ ಹೊಲದ ಹೂ ತಂದು ಎಡಕ್ಕ ತಿರುಗಿದ ಕಾಳಿನ ಸುರುಳಿ ಎಷ್ಟು, ಬಲಕ್ಕ ತಿರುಗಿದ್ದು ಎಷ್ಟು ಅಂತ ಇಬ್ಬರೂ ಕುಂತು ಎಣಿಸಿದ್ವಿ. ಒಂದರಾಗ 34, 55 ಬಂತು. ಇನ್ನೊಂದರಾಗ ಕೂಡಿ ಬರಲಿಲ್ಲ. ಇದು ಖರೇನೊ ಸುಳ್ಳೊ? ಹೋದ ಮಳಿಗಾಲದಾಗ ನಮ್ಮ ಓಣ್ಯಾಗ ಡೆಂಗ್ಯೂ ಬಂದಾಗ ಸೊಳ್ಳಿಗೂ ಸೂತ್ರ ಐತಿ ಅಂದ್ಲು. ಗಣಿತದಿಂದ ಜೀವಿಗಳ ಬಗ್ಗೆ ಖರೇನ ಏನರ ತಿಳಿತೈತೇನ್ರಿ? ಮತ್ತ ಇದನ್ನ ಓದಿದ್ರ ಹೊಟ್ಟಿ ತುಂಬತೈತೇನು? ಗಣಿತ ಬಿಡಿಸಲೊ ಬ್ಯಾಡೊ?"

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕೂಡಿಕೊಂಡಿವೆ. ಮಗಳು ಹಿಡಿದಿರುವ ದಾರಿಯಲ್ಲಿ ಹುರುಳಿದೆಯೋ ಇಲ್ಲವೋ ಎಂಬುದು ಒಂದು. ಹುರುಳಿದ್ದರೂ ಅದರಿಂದ ಅನ್ನ ಹುಟ್ಟುತ್ತದೆಯೋ ಇಲ್ಲವೋ ಎಂಬುದು ಇನ್ನೊಂದು. ನಾನು ಕೃಷಿ ಸಂಖ್ಯಾಶಾಸ್ತ್ರದವನು. ತಳಿ ಪ್ರಯೋಗಗಳನ್ನು ಹೊಲದಲ್ಲಿ ಹೇಗೆ ಹಾಕಬೇಕು, ಬಂದ ಇಳುವರಿಯ ಅಂಕಿಗಳನ್ನು ಎಷ್ಟು ನಂಬಬೇಕು ಎಂದು ನೋಡುವುದೇ ನನ್ನ ಕಸುಬು. ಹೀಗಾಗಿ ಎರಡಕ್ಕೂ ಉತ್ತರ ಹೇಳಬಲ್ಲೆ. ಗಣಿತ ಬಿಡಿಸಬೇಡಿ, ಇದು ಮೊದಲ ಮಾತು. ಆದರೆ ಆ ವಿಡಿಯೊ ನೋಡಿ ಬಿಡಿಸಬೇಡಿ ಎನ್ನುತ್ತಿಲ್ಲ. ವಿಡಿಯೊದಲ್ಲಿರುವುದು ಒಂದಿಷ್ಟು ಖರೆ, ಬಹಳಷ್ಟು ಸುಳ್ಳು.

ಸುಳ್ಳನ್ನು ಮೊದಲು ಬದಿಗೆ ಸರಿಸೋಣ. ನಾಟಿಲಸ್ ಎಂಬ ಸಮುದ್ರಜೀವಿಯ ಚಿಪ್ಪನ್ನು ನಡುವೆ ಸೀಳಿದ ಚಿತ್ರ ಇಂಥ ವಿಡಿಯೊಗಳಲ್ಲಿ ತಪ್ಪದೆ ಬರುತ್ತದೆ. ಆ ಸುರುಳಿ 1.618ರ ಲೆಕ್ಕದಲ್ಲಿ ಬೆಳೆದಿದ್ದರೆ ಒಂದು ಪೂರ್ತಿ ಸುತ್ತಿಗೆ ಸುಮಾರು 6.9 ಪಟ್ಟು ಹಿಗ್ಗಬೇಕಿತ್ತು. ನಿಜವಾದ ಚಿಪ್ಪು ಹಿಗ್ಗುವುದು ಹೆಚ್ಚುಕಡಿಮೆ ಮೂರು ಪಟ್ಟು. ಮನುಷ್ಯನ ಎತ್ತರವನ್ನು ಹೊಕ್ಕುಳಿನವರೆಗಿನ ಎತ್ತರಕ್ಕೆ ಭಾಗಿಸಿದರೆ 1.618 ಬರುತ್ತದೆ ಎನ್ನುವುದೂ ಅಷ್ಟೇ. ನಿಮ್ಮ ಮನೆಯವರನ್ನೆಲ್ಲ ಗೋಡೆಗೆ ನಿಲ್ಲಿಸಿ ಟೇಪು ಹಿಡಿದರೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಬರುತ್ತದೆ. ಮೈಯಲ್ಲಿ ಅಳೆಯಲು ನೂರೆಂಟು ಜಾಗಗಳಿವೆ. ಬೇಕಾದ ಎರಡನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟರೆ 1.6ರ ಆಸುಪಾಸಿನದು ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ. ಹಾಗೆ ಆರಿಸಿ ತೋರಿಸುವುದನ್ನು ವಿಜ್ಞಾನ ಎನ್ನಲಾಗದು.

ಸೂರ್ಯಕಾಂತಿಯದು ಮಾತ್ರ ಖರೆ. 1, 2, 3, 5, 8, 13, 21, 34, 55, 89 ಹೀಗೆ ಹಿಂದಿನ ಎರಡನ್ನು ಕೂಡಿಸುತ್ತ ಹೋಗುವ ಸಾಲನ್ನು ಜಗತ್ತು ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಸಾಲಿನ ದೊಡ್ಡ ಅಂಕಿಯನ್ನು ಅದರ ಹಿಂದಿನದಕ್ಕೆ ಭಾಗಿಸಿದರೆ 1.618ರ ಹತ್ತಿರ ಬರುತ್ತದೆ, ವಿಡಿಯೊದ ಅಂಕಿಗೂ ಈ ಸಾಲಿಗೂ ಇರುವ ನಂಟು ಇದು. ಫಿಬೊನಾಚಿಯ ಪುಸ್ತಕ 1202ರದು. ಅದಕ್ಕೂ ಮೊದಲೇ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಈ ಸಾಲನ್ನು ಬರೆದಿದ್ದ. ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಬಳಸಿ ನಾಲ್ಕು ಮಾತ್ರೆಯ ಗಣವನ್ನು 5 ಬಗೆಯಲ್ಲಿ, ಐದು ಮಾತ್ರೆಯದನ್ನು 8 ಬಗೆಯಲ್ಲಿ ಕಟ್ಟಬಹುದು. ಮಗಳಿಗೆ ಕನ್ನಡ ಪಾಠದ ಪ್ರಸ್ತಾರ ನೆನಪಿದ್ದರೆ ಕೂತು ಬರೆದು ನೋಡಲಿ.

ಹೂವಿಗೆ ಈ ಲೆಕ್ಕ ಯಾರು ಕಲಿಸಿದರು? ಯಾರೂ ಕಲಿಸಲಿಲ್ಲ. ಹೂತಲೆ ಇನ್ನೂ ಎಳೆಯದಾಗಿದ್ದಾಗ ಬೆಳೆಯುವ ಭಾಗದ ಅಂಚಿನಲ್ಲಿ ಪುಟ್ಟ ಪುಟ್ಟ ಉಬ್ಬುಗಳು ಒಂದಾದ ಮೇಲೊಂದು ಏಳುತ್ತವೆ. ಮುಂದೆ ಅವೇ ಕಾಳಾಗುತ್ತವೆ. ಪ್ರತಿ ಉಬ್ಬೂ ಸುತ್ತಲಿನ ಆಕ್ಸಿನ್ ಎಂಬ ಬೆಳವಣಿಗೆಯ ಚೋದಕವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೀಗಾಗಿ ಅದರ ತೀರ ಪಕ್ಕದಲ್ಲಿ ಇನ್ನೊಂದು ಏಳಲಾರದು. ಹೊಸದು ಏಳುವುದು ಹಿಂದಿನವುಗಳಿಂದ ಸಾಕಷ್ಟು ದೂರ, ಜಾಗ ಸಿಕ್ಕಲ್ಲಿ. ಈ ಒಂದೇ ನಿಯಮ ಸಾವಿರ ಸಲ ನಡೆದರೆ ಒಂದು ಉಬ್ಬಿಗೂ ಮುಂದಿನ ಉಬ್ಬಿಗೂ ನಡುವಿನ ಕೋನ ಸುಮಾರು 137.5 ಡಿಗ್ರಿಗೆ ಬಂದು ನಿಲ್ಲುತ್ತದೆ. ಕೋನ 120 ಡಿಗ್ರಿ ಆಗಿದ್ದರೆ ಕಾಳುಗಳೆಲ್ಲ ಮೂರೇ ಗೆರೆಯಲ್ಲಿ ಸಾಲುಗಟ್ಟಿ ನಡುವೆ ಖಾಲಿ ಬೀಳುತ್ತಿತ್ತು. 137.5 ಡಿಗ್ರಿ ಯಾವ ಸರಳ ಭಿನ್ನರಾಶಿಗೂ ಸಿಗದ ಕೋನ. ಅದರಿಂದ ಕಾಳಿನ ಹಿಂದೆ ಕಾಳು ನೇರ ಬೀಳದೆ ಜಾಗವೆಲ್ಲ ತುಂಬುತ್ತದೆ, ಕಣ್ಣಿಗೆ 34, 55ರ ಸುರುಳಿಗಳು ಕಾಣುತ್ತವೆ.

ಇದನ್ನು ನಂಬಲು ಹೂವೇ ಬೇಕಾಗಿಲ್ಲ. 1992ರಲ್ಲಿ ಡುವಾಡಿ ಮತ್ತು ಕೂಡೆ ಎಂಬ ಫ್ರಾನ್ಸಿನ ಇಬ್ಬರು ಭೌತವಿಜ್ಞಾನಿಗಳು ಎಣ್ಣೆ ತುಂಬಿದ ತಟ್ಟೆಯ ನಡುವೆ ಅಯಸ್ಕಾಂತೀಯ ದ್ರವದ ಹನಿಗಳನ್ನು ಒಂದೊಂದಾಗಿ ಬಿಟ್ಟರು. ಹನಿಗಳು ಒಂದನ್ನೊಂದು ದೂಡುತ್ತ ಅಂಚಿನ ಕಡೆ ಸರಿಯುವಂತೆ ಏರ್ಪಾಟಿತ್ತು. ಹನಿ ಬಿಡುವ ವೇಗ ಹೆಚ್ಚಿಸುತ್ತ ಹೋದಂತೆ ಸೂರ್ಯಕಾಂತಿಯ ಸುರುಳಿಗಳೇ ಮೂಡಿದವು. ಅಲ್ಲಿ ಕಾಳೂ ಇರಲಿಲ್ಲ, ಜೀವವೂ ಇರಲಿಲ್ಲ.

ಕೂಡಿ ಬರದ ನಿಮ್ಮ ಎರಡನೇ ಹೂವಿನ ಬಗ್ಗೆ: ನೀವು ಎಣಿಸಿದ್ದು ತಪ್ಪು ಎಂದುಕೊಳ್ಳಬೇಡಿ. 2012ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಜನ್ಮಶತಮಾನೋತ್ಸವದ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಜನಸಾಮಾನ್ಯರಿಂದಲೇ ಸೂರ್ಯಕಾಂತಿ ಬೆಳೆಸಿ ನೂರಾರು ಹೂತಲೆಗಳನ್ನು ಎಣಿಸಿದರು. ಹೆಚ್ಚಿನವು ಈ ಸಾಲಿಗೇ ಹೊಂದಿದವು, ಆದರೆ ಎಲ್ಲವೂ ಅಲ್ಲ. ಕೆಲವು ಬೇರೆ ಸಾಲಿಗೆ ಸೇರಿದವು, ಕೆಲವು ಒಂದರಷ್ಟು ಹೆಚ್ಚುಕಡಿಮೆ ಬಂದವು, ಕೆಲವು ಯಾವ ಸಾಲಿಗೂ ಸೇರಲಿಲ್ಲ. ಸರಳ ನಿಯಮದಿಂದ ಬೆಳೆಯುವ ಜೀವಿಯಲ್ಲಿ ಹೀಗೇ ಆಗಬೇಕು. ದೇವರ ಲೆಕ್ಕ ಎಂದು ಹಿಡಿದವರಿಗೆ ಕೂಡಿ ಬರದ ಹೂವು ತೊಡಕು. ಕಾರಣ ಹುಡುಕುವವರಿಗೆ ಅದೇ ಮುಂದಿನ ಪ್ರಶ್ನೆ. ಕೂಡಿ ಬರಲಿಲ್ಲ ಎಂದು ಮುಚ್ಚಿಡದೆ ಬರೆದಿದ್ದೀರಲ್ಲ, ನಿಮ್ಮ ಮನೆಯಲ್ಲಿ ಈ ವಿದ್ಯೆಗೆ ಬೇಕಾದ ಗುಣ ಇದೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಈಗ ನಿಮ್ಮದೇ ಬೀಜದ ಹೊಲಕ್ಕೆ ಬರೋಣ. ನಿಮ್ಮ ಮನೆಯ ಹೆಣ್ಣುಮಕ್ಕಳು ಮೊಗ್ಗು ಅರಳುವ ಮೊದಲೇ ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಮಾರನೆಯ ದಿನ ಗಂಡು ಸಾಲಿನ ಪರಾಗ ಮುಟ್ಟಿಸುತ್ತಾರೆ. ಒಂದು ಮೊಗ್ಗು ಕಣ್ತಪ್ಪಿದರೆ ಕಂಪನಿಯವರ ಶುದ್ಧತೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ ಬೀಜದಿಂದ ಬೆಳೆದ ಗಿಡದ ಬೀಜವನ್ನೇ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಯಾಕೆ ಹಾಗೇ ಬರುವುದಿಲ್ಲ? ಕಂಪನಿಯವರು ಬೀಜಕ್ಕೆ ಏನೋ ಬೆರೆಸಿರುತ್ತಾರೆ ಎಂಬ ಮಾತನ್ನು ಹಾವೇರಿ, ಗದಗ ಕಡೆ ಬಹಳ ಕೇಳಿದ್ದೇನೆ. ಅದು ತಪ್ಪು. ಕಾರಣ ಇರುವುದು ಗುಣಾಕಾರದಲ್ಲಿ.

ಒಂದು ಗುಣಕ್ಕೆ ಒಂದು ಜೋಡಿ ವಂಶವಾಹಿ ಎಂದು ಇಟ್ಟುಕೊಳ್ಳಿ. ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ ಬಂದು ಹೈಬ್ರಿಡ್ ಗಿಡದಲ್ಲಿ ಜೋಡಿಯಾಗಿವೆ. ಆ ಗಿಡದ ಸ್ವಂತ ಬೀಜದಲ್ಲಿ ಅದೇ ಜೋಡಿ ಮತ್ತೆ ಕೂಡಿಬರುವುದು ಎರಡರಲ್ಲಿ ಒಂದು ಸಲ. ಉಳಿದರ್ಧದಲ್ಲಿ ಎರಡೂ ತಾಯಿಯ ಬಗೆ, ಇಲ್ಲವೇ ಎರಡೂ ತಂದೆಯ ಬಗೆ. ಎರಡು ಜೋಡಿ ಇದ್ದರೆ ನಾಲ್ಕರಲ್ಲಿ ಒಂದು. ಹತ್ತು ಜೋಡಿ ಇದ್ದರೆ 1024 ಗಿಡಗಳಲ್ಲಿ ಒಂದೇ ಒಂದು ನಿಮ್ಮ ಹೈಬ್ರಿಡ್ಡಿನಂತೆ ಪೂರ್ತಿ ಇರುತ್ತದೆ. ಇಳುವರಿಯಂಥ ಗುಣವನ್ನು ನಡೆಸುವ ಜೋಡಿಗಳು ಹತ್ತಕ್ಕಿಂತ ಎಷ್ಟೋ ಹೆಚ್ಚು. ಒಂದೇ ವರ್ಣತಂತುವಿನಲ್ಲಿ ಹತ್ತಿರ ಹತ್ತಿರ ಇರುವ ವಂಶವಾಹಿಗಳು ಒಟ್ಟಿಗೆ ಸಾಗುವುದರಿಂದ ಲೆಕ್ಕ ಇಷ್ಟು ನೇರ ಇರುವುದಿಲ್ಲ, ಆದರೆ ದಿಕ್ಕು ಇದೇ.

ಇದಕ್ಕೆ ಬುನಾದಿ ಹಾಕಿದ ಮೆಂಡೆಲ್ ವಿಯೆನ್ನಾದಲ್ಲಿ ಭೌತಶಾಸ್ತ್ರ, ಗಣಿತ ಓದಿ ಬಂದವನು. ಬಟಾಣಿಯನ್ನು ಕ್ರಾಸ್ ಮಾಡಿದವರು ಅವನಿಗೆ ಮೊದಲೂ ಇದ್ದರು. ಎಣಿಸಿದವನು ಅವನು. ಹೈಬ್ರಿಡ್ ಗಿಡಗಳ ಕಾಳಿನಲ್ಲಿ ದುಂಡನೆಯವು 5474, ಸುಕ್ಕಾದವು 1850. ಭಾಗಿಸಿ ನೋಡಿ, ಮೂರಕ್ಕೆ ಒಂದು. ಆ ಅನುಪಾತದಿಂದಲೇ ಕಣ್ಣಿಗೆ ಕಾಣದ, ಇಬ್ಭಾಗವಾಗಿ ಹಂಚಿಹೋಗುವ ಏನೋ ಒಂದು ಒಳಗಿದೆ ಎಂದು ಊಹಿಸಿದ. ಅದನ್ನು ಅಚ್ಚು ಹಾಕಿಸಿದ್ದು 1866ರಲ್ಲಿ. ವಂಶವಾಹಿಯನ್ನು ಯಾರೂ ಕಣ್ಣಿನಿಂದ ನೋಡುವ ಎಷ್ಟೋ ವರ್ಷ ಮೊದಲು ಲೆಕ್ಕ ಅದನ್ನು ಹಿಡಿದಿತ್ತು. 1972ರಲ್ಲಿ ನಮ್ಮ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಹೊರಬಂತು. ಎರಡು ಬೇರೆ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ ವ್ಯಾಪಾರಕ್ಕೆ ಬಿಟ್ಟ ಮೊದಲ ಹೈಬ್ರಿಡ್ ಅದು. ಅದರ ಹಿಂದೆ ತಳಿ ವಿಜ್ಞಾನಿ ಬಿ.ಎಚ್. ಕಟರಕಿಯವರ ಕಣ್ಣು, ಕೈ ಇದ್ದವು. ಜೊತೆಗೆ ಈ ಲೆಕ್ಕವೂ ಇತ್ತು.

ಇಲ್ಲಿ ನನ್ನ ಕಸುಬಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮಗಳಿಗೆ ಅನ್ನ ಕೊಡಬಹುದಾದ ಗಣಿತ ಬಹುಮಟ್ಟಿಗೆ ಇದೇ. ಹೊಸ ತಳಿ ಹಳೆಯದಕ್ಕಿಂತ ಮೇಲು ಎಂದು ಗೊತ್ತಾಗುವುದು ಹೇಗೆ? ಒಂದು ಎಕರೆ ಹೊಸದು, ಒಂದು ಎಕರೆ ಹಳೆಯದು ಹಾಕಿ ತೂಗಿದರಾಯಿತು ಎನ್ನುತ್ತಾರೆ. ನಿಮ್ಮ ಎರೆಹೊಲವನ್ನೇ ನೋಡಿ. ಒಡ್ಡಿನ ಬುಡದಲ್ಲಿ ಹಸಿ ಹೆಚ್ಚು ದಿನ ನಿಲ್ಲುತ್ತದೆ, ಮೇಲುಭಾಗದಲ್ಲಿ ಬೇಗ ಆರುತ್ತದೆ. ಹಿಂದೆ ತಿಪ್ಪೆ ಇದ್ದ ಜಾಗದಲ್ಲಿ ಏನು ಹಾಕಿದರೂ ಹುಲುಸು. ಹೊಸ ತಳಿ ಅಂಥ ಜಾಗದಲ್ಲಿ ಬಿದ್ದಿದ್ದರೆ ಗೆದ್ದದ್ದು ತಳಿಯೋ ನೆಲವೋ?

ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಈ ಗಂಟು ಬಿಡಿಸಿದ. ಹೊಲವನ್ನು ಒಂದೇ ಸ್ವಭಾವದ ಪಟ್ಟಿಗಳಾಗಿ ಮಾಡು, ಪ್ರತಿ ಪಟ್ಟಿಯಲ್ಲಿ ಎಲ್ಲ ತಳಿಗೂ ಒಂದೊಂದು ತಾಕು ಕೊಡು, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸು. ಆಗ ನೆಲದ ಪಕ್ಷಪಾತ ಎಲ್ಲರಿಗೂ ಹಂಚಿಹೋಗುತ್ತದೆ. ಆಮೇಲೆ ಸರಾಸರಿಯನ್ನಷ್ಟೇ ನೋಡಬೇಡ, ಏರಿಳಿತವನ್ನೂ ನೋಡು. ಒಂದು ಉದಾಹರಣೆ ಇಟ್ಟುಕೊಳ್ಳಿ. ಹೊಸ ತಳಿ ನಾಲ್ಕು ತಾಕಿನಲ್ಲಿ ಎಕರೆಗೆ 9, 14, 8, 13 ಕ್ವಿಂಟಲ್ ಲೆಕ್ಕದಲ್ಲಿ ಬಂತು. ಹಳೆಯದು 10, 9, 11, 10. ಸರಾಸರಿ 11 ಮತ್ತು 10. ಒಂದು ಕ್ವಿಂಟಲ್ ಲಾಭ ಎಂದು ಫಲಕದ ಮೇಲೆ ಬರೆಯಬಹುದು. ಆದರೆ ಹೊಸದು 8ರಿಂದ 14ರವರೆಗೆ ಹೊಯ್ದಾಡುತ್ತಿದೆ. ಈ ನಾಲ್ಕು ತಾಕು ನೋಡಿ ನಾನು ಯಾವ ರೈತನಿಗೂ ಬದಲಿಸಿ ಎಂದು ಹೇಳಲಾರೆ. ಅದೇ ಹೊಸದು 11, 11.5, 10.5, 11 ಬಂದಿದ್ದರೆ ಸರಾಸರಿ ಅಷ್ಟೇ ಇದ್ದರೂ ನನ್ನ ಮಾತು ಬೇರೆ ಇರುತ್ತಿತ್ತು. ಔಷಧದ ಪರೀಕ್ಷೆ, ಲಸಿಕೆಯ ಪರೀಕ್ಷೆ ಎಲ್ಲದರ ಒಳಗೂ ಇದೇ ವಿಚಾರ ಕೂತಿದೆ. ಜೀವಿ ಎಂದರೇನೇ ಒಂದರಂತೆ ಒಂದು ಇರದಿರುವುದು. ಆ ಭೇದದಿಂದ ಮೋಸಹೋಗದೆ ಮಾತಾಡಲು ಗಣಿತವಲ್ಲದೆ ನನಗೆ ಬೇರೆ ದಾರಿ ಗೊತ್ತಿಲ್ಲ.

ಹುಬ್ಬಳ್ಳಿಯ ಇತಿಹಾಸದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನ ಇದೆ. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ವಿಜ್ಞಾನಿ ಹಾಫ್ಕಿನ್ ತಯಾರಿಸಿದ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದರು. ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಎಂದು ಹೋಲಿಸುವುದು ಸುಲಭ ಅನ್ನಿಸುತ್ತದೆ. ಆದರೆ ವಾರದಿಂದ ವಾರಕ್ಕೆ ಮೊದಲ ಗುಂಪು ಬೆಳೆಯುತ್ತದೆ, ಎರಡನೆಯದು ಕರಗುತ್ತದೆ. ಆಯಾ ವಾರದ ಸಾವನ್ನು ಆಯಾ ವಾರ ಆ ಗುಂಪಿನಲ್ಲಿದ್ದ ಜನರಿಗೇ ಭಾಗಿಸಬೇಕು. ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಇದನ್ನೆಲ್ಲ ಸರಿಯಾಗಿ ಕೇಳದೆ ಲಸಿಕೆ ಒಳ್ಳೆಯದು ಎನ್ನುವುದಕ್ಕೂ ಕೆಟ್ಟದ್ದು ಎನ್ನುವುದಕ್ಕೂ ಬೆಲೆ ಇಲ್ಲ.

ಸೊಳ್ಳೆಗೆ ಸೂತ್ರ ಇದೆ ಎಂದು ಮಗಳು ಹೇಳಿದ್ದು ನೂರಕ್ಕೆ ನೂರು ಸರಿ. ಆ ಸೂತ್ರ ಹುಟ್ಟಿದ್ದು ನಮ್ಮ ದೇಶದಲ್ಲಿ ದುಡಿದ ವೈದ್ಯರಿಂದ. ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. 1902ರಲ್ಲಿ ಅವನಿಗೆ ನೊಬೆಲ್ ಬಂತು. ಸೊಳ್ಳೆ ಕಡಿಮೆ ಮಾಡಿದರೆ ಮಲೇರಿಯಾ ಹೋಗುತ್ತದೆ ಎಂದು ಅವನು ಹೇಳಿದಾಗ, ಊರಿನ ಸೊಳ್ಳೆಯನ್ನೆಲ್ಲ ಕೊಲ್ಲಲು ಯಾರಿಂದಾದೀತು ಎಂದು ಜನ ತಳ್ಳಿಹಾಕಿದರು. ರಾಸ್ ಗಣಿತದಿಂದ ಉತ್ತರ ಕೊಟ್ಟ. ಎಲ್ಲವನ್ನೂ ಕೊಲ್ಲಬೇಕಾಗಿಲ್ಲ. ಜನಸಂಖ್ಯೆಗೆ ತಕ್ಕ ಒಂದು ಮಿತಿ ಇದೆ, ಸೊಳ್ಳೆ ಆ ಮಿತಿಗಿಂತ ಕಡಿಮೆಯಾದರೆ ರೋಗ ತಾನೇ ನಂದುತ್ತದೆ.

ಡೆಂಗ್ಯೂಗೂ ಇದೇ ತರ್ಕ ಹೊಂದುತ್ತದೆ, ಮನೆಯಲ್ಲೇ ಮಾಡಿ ನೋಡಬಹುದು. ರೋಗ ಹರಡಲು ಸೊಳ್ಳೆ ಎರಡು ಸಲ ಕಚ್ಚಬೇಕು. ಒಮ್ಮೆ ರೋಗಿಯನ್ನು, ಇನ್ನೊಮ್ಮೆ ಆರೋಗ್ಯವಂತನನ್ನು. ಹೀಗಾಗಿ ಕಚ್ಚುವುದು ಅರ್ಧವಾದರೆ ಹರಡುವಿಕೆ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲು. ಜ್ವರ ಬಂದವರನ್ನು ಹಗಲೂ ಪರದೆಯೊಳಗೆ ಮಲಗಿಸಿ ಎನ್ನುವುದು ಇದಕ್ಕೇ.

ಎರಡನೇ ಲೆಕ್ಕ ಇನ್ನೂ ಮುಖ್ಯ. ರೋಗಿಯ ರಕ್ತ ಕುಡಿದ ಸೊಳ್ಳೆ ತಕ್ಷಣ ರೋಗ ಹಬ್ಬಿಸಲಾರದು. ವೈರಸ್ ಅದರ ಮೈಯಲ್ಲಿ ಬೆಳೆದು ಜೊಲ್ಲಿಗೆ ಬರಲು ಸುಮಾರು ಹತ್ತು ದಿನ ಬೇಕು. ಅಷ್ಟು ದಿನ ಸೊಳ್ಳೆ ಬದುಕಿರಬೇಕು. ಒಂದು ದಿನ ಬದುಕುಳಿಯುವ ಸಾಧ್ಯತೆ 0.9 ಎಂದಿಟ್ಟುಕೊಂಡರೆ ಹತ್ತು ದಿನಕ್ಕೆ 0.9ನ್ನು ಹತ್ತು ಸಲ ಗುಣಿಸಬೇಕು. ನೂರರಲ್ಲಿ 35 ಸೊಳ್ಳೆ ಉಳಿಯುತ್ತವೆ. ದಿನದ ಸಾಧ್ಯತೆಯನ್ನು 0.8ಕ್ಕೆ ಇಳಿಸಿ ನೋಡಿ, ನೂರರಲ್ಲಿ 11 ಮಾತ್ರ. ದಿನದ ಲೆಕ್ಕದಲ್ಲಿ ಅಲ್ಪ ಅನ್ನಿಸುವ ಬದಲಾವಣೆ ಅಪಾಯದ ಸೊಳ್ಳೆಗಳನ್ನು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ತಂದಿತು. ಮಲೇರಿಯಾದ ವಿಷಯದಲ್ಲಿ ಇದನ್ನು 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ತೋರಿಸಿದ. ಮನೆಯ ಗೋಡೆಗೆ ಔಷಧ ಹೊಡೆದು ಬೆಳೆದ ಸೊಳ್ಳೆಯ ಆಯಸ್ಸು ಕಡಿಮೆ ಮಾಡುವ ಯೋಜನೆಗಳಿಗೆ ಬಲ ಕೊಟ್ಟದ್ದು ಈ ಲೆಕ್ಕ.

ಹಾಗೆಂದು ಸೂತ್ರ ಹೇಳಿದ್ದನ್ನೆಲ್ಲ ಓಣಿಯಲ್ಲಿ ಮಾಡಲು ಬರುವುದಿಲ್ಲ. ಡೆಂಗ್ಯೂ ಸೊಳ್ಳೆ ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಯ ಹಿಂದೆ ಕೂರುತ್ತದೆ, ಬೀದಿಯಲ್ಲಿ ಹೊಡೆದ ಹೊಗೆ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ಕಡೆ ನಳದ ನೀರು ದಿನಗಟ್ಟಲೆ ಬರುವುದಿಲ್ಲ, ಬ್ಯಾರೆಲ್ಲು, ಹಂಡೆ, ತೊಟ್ಟಿ ತುಂಬಿಸಿಡುವುದು ತಪ್ಪದು. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಎನ್ನುತ್ತಾರೆ. ಬರಿದು ಮಾಡಿದರೆ ಸಾಲದು, ಒಳಗೋಡೆ ತಿಕ್ಕಿ ತೊಳೆಯಬೇಕು. ಅಂಟಿಕೊಂಡ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಎಲ್ಲಿ ಒತ್ತಿದರೆ ಹೆಚ್ಚು ಫಲ ಎಂದು ಗಣಿತ ತೋರಿಸುತ್ತದೆ. ಅಲ್ಲಿ ಒತ್ತಲು ಬರುತ್ತದೆಯೇ ಎಂಬುದು ಓಣಿಯಲ್ಲಿ ನಿಂತವರಿಗೇ ಗೊತ್ತು. ಮಗಳಿಗೆ ಎರಡೂ ವಿಷಯ ಬೇಕು ಅನ್ನಿಸುತ್ತಿರುವುದು ಸರಿಯಾದ ಬುದ್ಧಿ ಎನ್ನುವುದು ಇದಕ್ಕೇ.

ಭಾರತದಲ್ಲಿ ಸೇನಾ ವೈದ್ಯನಾಗಿದ್ದ ಮೆಕೆಂಡ್ರಿಕ್, ವಿಜ್ಞಾನಿ ಕೆರ್ಮ್ಯಾಕ್ ಜೊತೆ ಸೇರಿ ಸಾಂಕ್ರಾಮಿಕ ಹಬ್ಬುವ ಬಗೆಗೆ 1927ರಲ್ಲಿ ಬರೆದ ಸಮೀಕರಣಗಳೂ ಇದೇ ಕುಲದವು. 1905-06ರ ಮುಂಬಯಿ ಪ್ಲೇಗಿನ ಸಾವಿನ ಏರಿಳಿತಕ್ಕೆ ಅವರು ಅವನ್ನು ಹೊಂದಿಸಿ ತೋರಿಸಿದರು. ಎಲ್ಲರಿಗೂ ರೋಗ ತಗುಲಿ ಮುಗಿಯುವ ಮೊದಲೇ ಸಾಂಕ್ರಾಮಿಕ ನಿಲ್ಲುತ್ತದೆ ಎಂಬುದು ಅವುಗಳಿಂದ ಹೊರಬಂದ ಮುಖ್ಯ ಮಾತು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಬಂದ ಅಂದಾಜುಗಳೆಲ್ಲ ಈ ಬೇರಿನಿಂದಲೇ ಚಿಗುರಿದವು, ಅವುಗಳಲ್ಲಿ ಎಷ್ಟೋ ತಪ್ಪಿದವು. ಸಮೀಕರಣ ಕೆಟ್ಟದ್ದೆಂದಲ್ಲ. ಒಬ್ಬನಿಂದ ಎಷ್ಟು ಜನಕ್ಕೆ ಹಬ್ಬುತ್ತದೆ ಎಂಬ ಅಂಕಿಯೇ ಆಗ ಗಟ್ಟಿಯಾಗಿ ತಿಳಿದಿರಲಿಲ್ಲ. ಮೇಲಾಗಿ, ಜನ ಹೆದರಿ ಮನೆಯಲ್ಲಿ ಕೂತರೆ ಆ ಅಂಕಿಯೇ ಬದಲಾಗುತ್ತದೆ. ಹಾಕಿದ ಅಂಕಿ ಸಡಿಲವಿದ್ದರೆ ಬರುವ ಉತ್ತರವೂ ಸಡಿಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆರೆಯಲ್ಲಿ ಮೀನೆಷ್ಟು? 50 ಹಿಡಿದು ಗುರುತು ಹಾಕಿ ಬಿಡಿ. ಅವು ಬೆರೆತ ಮೇಲೆ 60 ಹಿಡಿದಾಗ 12ರಲ್ಲಿ ಗುರುತು ಕಂಡರೆ ಕೆರೆಯಲ್ಲಿರುವುದು ಸುಮಾರು 250. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇದೇ ತತ್ವದಿಂದ ಹುಲಿ ಎಣಿಸಿದರು. ಗುರುತು ಹಾಕುವ ಕೆಲಸವೇ ಇರಲಿಲ್ಲ, ಪ್ರತಿ ಹುಲಿಗೂ ಅದರದೇ ಪಟ್ಟೆ ಇದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಆ ಪಟ್ಟೆ ಮೂಡುವುದು ಹೇಗೆ ಎಂದು 1952ರಲ್ಲಿ ಸಮೀಕರಣ ಬರೆದವನು ಮೇಲೆ ಹೆಸರು ಹೇಳಿದ ಟ್ಯೂರಿಂಗ್. ನಿಮ್ಮ ತಾಲೂಕಿನ ಕೃಷ್ಣಮೃಗ ಅಭಯಾರಣ್ಯ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು, ಇವನ್ನೆಲ್ಲ ಎಣಿಸಲೂ ಬೇರೆ ಬೇರೆ ಲೆಕ್ಕದ ವಿಧಾನಗಳಿವೆ.

ಇನ್ನು ಹೊಟ್ಟೆಪಾಡು. ಇಲ್ಲಿ ಬಣ್ಣ ಹಚ್ಚಿ ಹೇಳುವುದಿಲ್ಲ. ಗಣಿತ-ಜೀವಶಾಸ್ತ್ರ ಎರಡೂ ಬಲ್ಲವರು ಬೇಕು ಎಂದು ಹೆಸರಿಟ್ಟು ಕರೆಯುವ ಹುದ್ದೆ ಪತ್ರಿಕೆಯಲ್ಲಿ ಕಾಣುವುದು ಅಪರೂಪ. ಕೆಲಸ ಇರುವುದು ಬೇರೆ ಹೆಸರಿನಲ್ಲಿ. ಔಷಧ ಕಂಪನಿಗಳಲ್ಲಿ ಸಂಖ್ಯಾಶಾಸ್ತ್ರಜ್ಞರು, ಬೀಜ ಕಂಪನಿಗಳಲ್ಲಿ ತಳಿ ಪ್ರಯೋಗದ ಅಂಕಿಅಂಶ ನೋಡುವವರು, ಆಸ್ಪತ್ರೆ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ದುಡಿಯುವವರು, ವಂಶವಾಹಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸೋಸುವವರು. ರಾಣೆಬೆನ್ನೂರಿನವರಾದ ನಿಮಗೆ ಬೀಜ ಕಂಪನಿಗಳ ವಿಷಯ ನಾನು ಹೇಳಬೇಕಾಗಿಲ್ಲ.

ದಾರಿಗಳನ್ನು ಹೇಳುತ್ತೇನೆ, ಪ್ರತಿಯೊಂದರ ತೊಡಕನ್ನೂ ಹೇಳುತ್ತೇನೆ. ಡಾಕ್ಟರ್ ಆಗುವ ಮನಸ್ಸು ಅವಳದೇ ಆಗಿದ್ದರೆ ನೀಟ್ ಬರೆಯಲಿ, ಅದರಲ್ಲಿ ಗಣಿತ ಇಲ್ಲ. ಮನಸ್ಸು ನಿಮ್ಮ ಮಂದಿಯದಾಗಿದ್ದರೆ ಬೇಡ. ವರ್ಷದ ಮೇಲೆ ವರ್ಷ ಕೋಚಿಂಗಿಗೆ ಕಟ್ಟಿ, ಸೀಟೂ ಸಿಗದೆ, ಇದ್ದ ಆಸಕ್ತಿಯನ್ನೂ ಕಳೆದುಕೊಂಡ ಮಕ್ಕಳನ್ನು ಧಾರವಾಡದಲ್ಲಿ ಬಹಳ ಕಂಡಿದ್ದೇನೆ.

ನಿಮ್ಮ ಮನೆಗೆ ಹತ್ತಿರದ ದಾರಿ ಬಿಎಸ್ಸಿ ಕೃಷಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಂದೆ ತಳಿಶಾಸ್ತ್ರವನ್ನೋ ಕೃಷಿ ಸಂಖ್ಯಾಶಾಸ್ತ್ರವನ್ನೋ ಹಿಡಿಯಬಹುದು. ಕೆಲಸದ ಬಾಗಿಲು ಹೆಚ್ಚು. ತೊಡಕೆಂದರೆ ಪದವಿಯ ನಾಲ್ಕು ವರ್ಷದಲ್ಲಿ ಗಣಿತ ತೀರ ಕಡಿಮೆ, ತಾನಾಗಿ ಅಭ್ಯಾಸ ಇಟ್ಟುಕೊಳ್ಳದಿದ್ದರೆ ತುಕ್ಕು ಹಿಡಿಯುತ್ತದೆ.

ಎರಡನೆಯದು, ಬಿಎಸ್ಸಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಸಾಧ್ಯವಾದರೆ ಕಂಪ್ಯೂಟರ್ ವಿಜ್ಞಾನ. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದಂಥಲ್ಲಿ ಸಂಖ್ಯಾಶಾಸ್ತ್ರದ ಎಂಎಸ್ಸಿ. ಖರ್ಚು ಕಡಿಮೆ, ಮನೆಗೂ ಹತ್ತಿರ. ಇಲ್ಲಿ ತಪ್ಪಿಹೋಗುವುದು ಜೀವಶಾಸ್ತ್ರ. ಗಣಿತದ ಜೊತೆ ಪ್ರಾಣಿಶಾಸ್ತ್ರವನ್ನೋ ಸಸ್ಯಶಾಸ್ತ್ರವನ್ನೋ ಕೊಡುವ ಕಾಲೇಜು ಬಹಳ ಕಡಿಮೆ, ವೇಳಾಪಟ್ಟಿಯೇ ಕೂಡುವುದಿಲ್ಲ. ಅರ್ಜಿ ಹಾಕುವ ಮೊದಲು ಕಚೇರಿಯಲ್ಲಿ ನೇರವಾಗಿ ಕೇಳಿ.

ಮೂರನೆಯದು ಐಸರ್ ಎಂಬ, ವಿಜ್ಞಾನದ ಓದು ಮತ್ತು ಸಂಶೋಧನೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆಗಳ ಐದು ವರ್ಷದ ಬಿಎಸ್-ಎಂಎಸ್. ನಮಗೆ ಹತ್ತಿರದವು ಪುಣೆ, ತಿರುಪತಿ. ಪ್ರವೇಶ ಪರೀಕ್ಷೆಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುತ್ತವೆ, ಓದಿನ ಮೊದಲ ಘಟ್ಟದಲ್ಲೂ ನಾಲ್ಕೂ ಕಲಿಸುತ್ತಾರೆ. ಅವಳ ಆಸೆಗೆ ಸರಿಯಾಗಿ ಕೂಡುವುದು ಇದೇ. ಆದರೆ ಸೀಟು ಸಿಗುವುದು ಕಷ್ಟ. ಸಿಕ್ಕ ಮೇಲೂ ಅದು ಸಂಶೋಧನೆಯ ದಾರಿ, ಪಿಎಚ್‌ಡಿ ಮುಗಿಸಿ ನೆಲೆ ನಿಲ್ಲುವ ಹೊತ್ತಿಗೆ ಮೂವತ್ತು ದಾಟುತ್ತದೆ. ಅಷ್ಟು ವರ್ಷ ಮದುವೆ ಯಾವಾಗ, ಗಳಿಕೆ ಯಾವಾಗ ಎಂಬ ಮಾತುಗಳನ್ನು ಊರಿನಲ್ಲಿ ತಡೆದುಕೊಳ್ಳಬೇಕಾದವರು ನೀವು. ಅದಕ್ಕೆ ಸಿದ್ಧರಿದ್ದರೆ ಮಾತ್ರ ಕಳಿಸಿ.

ಈ ಮೂರರಲ್ಲಿ ಯಾವುದು ಹಿಡಿದರೂ ಗಣಿತ ಈಗ ಬಿಡಬಾರದು ಎನ್ನಲು ನನ್ನ ಕಾರಣ ಅನುಭವದ್ದು. ಗಣಿತ ಓದಿಕೊಂಡು ಬಂದು ಆಮೇಲೆ ಜೀವಶಾಸ್ತ್ರವನ್ನು ಪುಸ್ತಕದಿಂದ, ಹೊಲದಿಂದ, ಪ್ರಯೋಗಾಲಯದಿಂದ ಕಲಿತು ಚೆನ್ನಾಗಿ ದುಡಿಯುತ್ತಿರುವವರು ನನಗೆ ಬಹಳ ಮಂದಿ ಗೊತ್ತು. ಹದಿನೇಳಕ್ಕೆ ಗಣಿತ ಬಿಟ್ಟು ಇಪ್ಪತ್ತೈದಕ್ಕೆ ಮತ್ತೆ ಹಿಡಿದವರು ತೀರ ಕಡಿಮೆ. ಪ್ರಬಂಧದ ಅಂಕಿಗಳನ್ನು ಹೊತ್ತು ನನ್ನ ಕೊಠಡಿಗೆ ಬಂದು, ಇದರಲ್ಲಿ ಏನಿದೆ ಹೇಳಿ ಸರ್ ಎನ್ನುವ ವಿದ್ಯಾರ್ಥಿಗಳನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ವರ್ಷಗಟ್ಟಲೆ ದುಡಿದ ಬೆಳೆಯನ್ನು ತಾವೇ ಕೊಯ್ಯಲು ಅವರಿಗೆ ಬರುವುದಿಲ್ಲ.

ಈಗಲೇ ಒಂದು ದಾರಿ ಆರಿಸಿಕೊಳ್ಳುವ ಅಗತ್ಯವೂ ಇಲ್ಲ. ಸಿಇಟಿಯಲ್ಲಿ ಗಣಿತ, ಜೀವಶಾಸ್ತ್ರ ಎರಡೂ ಪತ್ರಿಕೆ ಬರೆಯಲಿ, ಐಸರ್ ಪರೀಕ್ಷೆಯ ಅರ್ಜಿಯನ್ನೂ ಹಾಕಲಿ. ರಜೆಯಲ್ಲಿ ಅಂಕಿಅಂಶಗಳ ಲೆಕ್ಕ ಮಾಡುವ ಆರ್ (R) ಎಂಬ ಉಚಿತ ತಂತ್ರಾಂಶ ಕಲಿಯಲು ಶುರುಮಾಡಲಿ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸುವಂಥ ಪ್ರಶ್ನೆಗಳು. ನಿಮ್ಮ ಮಗಳಿಗೆ ಅದು ಹೊರೆಯಾಗಲಾರದು. ಕೃಷಿಕ ಕುಟುಂಬದ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ ಇವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಹೋದರೆ ಅಲ್ಲಿ ಪಾಳಿ ಉದ್ದ ಇರುತ್ತದೆ.